ಕೆಂಪು ಗುಂಡಿಯ ಮೇಲಿನ ಕೈ

"ಮತ್ತೆ ಒತ್ತಿದ್ಯಾ?"

ಅಭಿಜ್ಞಾಳ ಪ್ರಶ್ನೆಗೆ ಕಿಶೋರ ತಲೆ ಎತ್ತಲಿಲ್ಲ. ಅವನ ಅಂಗೈ ಇನ್ನೂ ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆಯೇ ಇತ್ತು. ಶಿರಸಿಯ ಆ ಸಣ್ಣ ಕಂಪನಿಯ ಶೆಡ್ಡಿನಲ್ಲಿ, ಗಾಳಿಯ ಬದಲು ಮೋಟರು ತಿರುಗಿಸುತ್ತಿದ್ದ ಗಾಳಿಯಂತ್ರದ ಜನರೇಟರ್ ಮುಲುಗುತ್ತ ನಿಂತಿತು.

"ಅಲುಗಾಡ್ತು," ಎಂದ.

"ಅಲುಗಾಡ್ಲಿ ಮಾರಾಯಾ! ಅಲುಗಾಡದೆ ಅದು ಕಲಿಯೂದು ಹೆಂಗೆ?"

ಎಲ್ಲೋ ಲೈನಿನ ಮೇಲೆ ಮರ ಬಿದ್ದರೆ ಗ್ರಿಡ್ಡಿನ ವೋಲ್ಟೇಜ್ ಕುಸಿಯುತ್ತದೆ. ಆಗ ಗಾಳಿಯಂತ್ರಗಳು ಹೆದರಿ ಗ್ರಿಡ್ಡಿನಿಂದ ಕಳಚಿಕೊಂಡರೆ ಊರೂರೇ ಕತ್ತಲು. ಅಭಿಜ್ಞಾ ರೂಪಿಸಿದ ಕಂಟ್ರೋಲರ್ ಪ್ರತಿ ಕುಸಿತದ ಸ್ವಭಾವ ನೋಡಿ, ತನ್ನನ್ನು ತಾನೇ ತಿದ್ದಿಕೊಂಡು, ಗ್ರಿಡ್ಡಿನ ಕೈ ಬಿಡದೆ ನಿಲ್ಲಬೇಕು. ಬೇಕೆಂದೇ ವೋಲ್ಟೇಜ್ ಇಳಿಸಿ ನೋಡುವ ಪರೀಕ್ಷೆ ಇದು. ಕಲಿಯಲು ಅದಕ್ಕೆ ಅರೆಗಳಿಗೆ ಸಾಕು. ಆ ಅರೆಗಳಿಗೆಯನ್ನೇ ಕಿಶೋರ ದೀಪಾವಳಿಯಿಂದ ಕೊಟ್ಟಿರಲಿಲ್ಲ.

ತನ್ನ ಕೆಲಸದ ಮೇಲೆ ಅವನಿಗೆ ನಂಬಿಕೆಯಿಲ್ಲ ಎಂದುಕೊಂಡಿದ್ದಳು ಅವಳು. ತನ್ನ ಮೇಲೂ ಮನಸ್ಸಿಲ್ಲವೇನೋ. ಚಹಾ ಕುಡಿಯುವಾಗ ಕದ್ದು ನೋಡುವ ಅವನ ಕಣ್ಣು, ಅವಳು ತಿರುಗಿದೊಡನೆ ಮೀಟರಿನ ಮೇಲಿರುತ್ತಿತ್ತು. ಕಾದು ಬೇಸತ್ತು, ನಂದೊಳ್ಳಿಯ ತನ್ನ ಮನೆಯವರು ತಂದ ಸಂಬಂಧಕ್ಕೆ ತಾನೇ ಹೂಂ ಎಂದಿದ್ದಳು. ನಿಶ್ಚಿತಾರ್ಥದ ಉಂಗುರ ಬೆರಳಿಗೆ ಇನ್ನೂ ಒಗ್ಗಿರಲಿಲ್ಲ. ಅವಳಿಗೆ ಇವತ್ತು ಇಲ್ಲಿ ಕೊನೆಯ ದಿನ; ಪರೀಕ್ಷೆ ಗೆಲ್ಲದಿದ್ದರೆ ಅವಳ ಕಂಟ್ರೋಲರ್ ಕಪಾಟು ಸೇರುತ್ತದೆ.

"ಯಂತ್ರದ ಮೇಲೆ ಇಷ್ಟು ಪ್ರೀತಿಯಾ ನಿಂಗೆ?" ಎಂದು ಚುಚ್ಚಿದಳು.

"ಯಂತ್ರ ಹೋದ್ರೆ ಇನ್ನೊಂದು ಬತ್ತು." ಕಿಶೋರ ಅವಳ ಮಣಿಕಟ್ಟನ್ನು ನೋಡಿದ. ದೀಪಾವಳಿಯ ಹೊತ್ತಿಗೆ ಪ್ಯಾನೆಲ್ ಸಿಡಿದು ಸುಟ್ಟ ಕಲೆ ಅಲ್ಲಿತ್ತು. "ಅವತ್ತು ನೀ ಕೂಗಿದ್ದು ಇನ್ನೂ ಕಿವೀಲಿ ಇದ್ದು."

ಅಭಿಜ್ಞಾಳಿಗೆ ಥಟ್ಟನೆ ಸ್ಟೂಲು ನೆನಪಾಯಿತು. ದಿನಾ ಬೆಳಿಗ್ಗೆ ಅದು ಪ್ಯಾನೆಲ್ಲಿನಿಂದ ದೂರ, ಗೋಡೆಯ ಪಕ್ಕ ಇರುತ್ತಿತ್ತು. ಕಸ ಗುಡಿಸುವ ಗಿರಿಜವ್ವ ಸರಿಸಿದ್ದಾಳೆಂದು ಗೊಣಗುತ್ತ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

"ಸ್ಟೂಲು ಸರಿಸ್ತಿದ್ದಿದ್ದು ನೀನಾ?"

ಅವನು ಹೌದೆಂದು ತಲೆಯಾಡಿಸಿದ.

"ಬಾಯಿ ಬಿಟ್ಟು ಹೇಳಲೆ ಎಂತಾಗಿತ್ತು ನಿಂಗೆ?"

"ಹೇಳಿ, ನೀ ಮಾತಾಡೂದೂ ಬಿಟ್ರೆ?"

ಅವಳು ನಗಲು ಹೋದಳು, ಕಣ್ಣು ತುಂಬಿತು.

"ಈಗ ಹೇಳಿದ್ರೆ?" ಅವನ ದನಿ ಸಣ್ಣದಾಯಿತು.

ಅವಳು ಉಂಗುರ ತಿರುಗಿಸಿದಳು. "ಅವ ಒಳ್ಳೆಯವ, ಕಿಶೋರ. ನಂಗೆ ಯಾರೂ ಒತ್ತಾಯ ಮಾಡಿದ್ದಿಲ್ಲೆ. ಮಾತು ಕೊಟ್ಟಿದ್ದು ನಾನೇ."

ಆಮೇಲೆ ಅವಳೇ ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಎಳೆದು ಕುಳಿತಳು.

"ಇಲ್ಲಿ ಕೂತ್ರೆ ಹೆದರಿಕೆ ಇಲ್ಲೆ ಅಲ್ದಾ? ಈಗ ಕೈ ತೆಗಿ."

ಅವನು ಗುಂಡಿಯಿಂದ ಕೈ ತೆಗೆದು, ಜನರೇಟರನ್ನು ಮತ್ತೆ ತಿರುಗಿಸಿ ಪರೀಕ್ಷೆ ಶುರು ಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ವೋಲ್ಟೇಜ್ ಕುಸಿಯಿತು. ಜನರೇಟರ್ ನಡುಗಿತು, ನರಳಿತು. ಬೆನ್ನ ಹಿಂದೆ ಅವನ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಪರದೆಯ ಮೇಲಿನ ಗೆರೆ ಹುಚ್ಚಾಪಟ್ಟೆ ಕುಣಿದು, ಬರಬರುತ್ತ ತಗ್ಗಿ, ನೆಟ್ಟಗಾಯಿತು. ಯಂತ್ರ ಕಳಚಿಕೊಳ್ಳಲಿಲ್ಲ.

"ತಡ್ಕಂಡ್ತು," ಎಂದ ಕಿಶೋರ.

ಅವಳು ಊರಿಗೆ ಹೋಗುವ ಯಲ್ಲಾಪುರದ ಬಸ್ಸಿಗೆ ಹೊತ್ತಾಗಿತ್ತು. ದಿನದಂತೆ ಅವನು ಅವಳ ಬಾಟಲಿಗೆ ನೀರು ತುಂಬಿಸಿ ತಂದುಕೊಟ್ಟ. ಅವಳು ಬಾಗಿಲಲ್ಲಿ ತಿರುಗಿದಳು.

"ಇನ್ನು ಯಾರು ಬಂದು ಕೂತ್ರೂ, ಸ್ಟೂಲು ಎಂತಕ್ಕೆ ದೂರ ಸರಿಸಿದ್ದು ಅಂತ ಮೊದಲೇ ಹೇಳಿಬಿಡು."

ಬಸ್ಸು ಶೆಡ್ಡಿನ ಮುಂದೆಯೇ ಹಾದುಹೋಯಿತು. ಅವಳು ಕಿಟಕಿಯಿಂದ ನೋಡಿದಳು. ಕಿಶೋರ ಬಾಗಿಲಲ್ಲಿ ನಿಂತಿದ್ದ. ಕೈ ಬೀಸಲಿಲ್ಲ, ಬಸ್ಸು ನಿಲ್ಲಿಸಲೂ ಇಲ್ಲ. ಅವನ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.