ವಿಮಾನದ ಬಾಲಕ್ಕೆ ಖಣ

"ಪೆಟ್ಟಾತೇನು? ಎಲ್ಲಿ ಆತು?"

ಮೆಟ್ಟಿಲು ಹತ್ತಿ ಟೆರೇಸಿಗೆ ಓಡಿ ಬಂದವನು ಏದುಸಿರು ಬಿಡುತ್ತಾ ಕೇಳಿದ. ನಾನು ಮೊಣಕೈ ಮುಟ್ಟಿ ನೋಡಿಕೊಂಡು, "ಇಲ್ರಿ, ನನಗೇನೂ ಆಗಿಲ್ಲ" ಎಂದೆ.

ಅವನು ನನ್ನನ್ನು ನೋಡಿಯೇ ಇರಲಿಲ್ಲ. ಬಟ್ಟೆ ಒಣಹಾಕಿದ ತಂತಿಗೆ ಸಿಕ್ಕಿಕೊಂಡಿದ್ದ ಬಿಳಿ ಫೋಮಿನ ರಿಮೋಟ್ ವಿಮಾನವನ್ನು ಎರಡೂ ಕೈಯಲ್ಲಿ ಬಿಡಿಸಿಕೊಂಡು, ಬಿರುಕು ಬಿಟ್ಟ ಅದರ ಬಾಲವನ್ನು ಸವರುತ್ತಿದ್ದ. ಪ್ರಶ್ನೆ ಕೇಳಿದ್ದು ಅದಕ್ಕೆ.

ನನಗೆ ನಗು ತಡೆಯಲಾಗಲಿಲ್ಲ. ಅವನು ತಲೆಯೆತ್ತಿದ. ಕಿವಿಯ ತುದಿಯವರೆಗೂ ಕೆಂಪಾದ.

"ನಿಮಗ... ನಿಮಗೇನೂ ಆಗಿಲ್ಲಲ್ರಿ?"

"ನನಗಿಲ್ಲ. ನನ್ನ ಕುಪ್ಪಸಕ್ಕ ಆಗೈತಿ."

ವಿಮಾನದ ಮೂಗಿನ ಫ್ಯಾನು ನನ್ನ ಕುಪ್ಪಸವನ್ನು ಸುತ್ತಿಕೊಂಡು ಹರಿದುಹಾಕಿತ್ತು. ಗುಳೇದಗುಡ್ಡದ ಖಣದ್ದು. ಊರಿಂದ ತಂದಿದ್ದು ಅದೊಂದೇ.

ಅವನು ಪರಮಾನಂದ. ನಮ್ಮದೇ ವಠಾರದ ಕೆಳಗಿನ ಸಾಲಿನ ಕೊನೆಯ ರೂಮಿನವನು, ಕುಷ್ಟಗಿ ಕಡೆಯವನು. ದೊಡ್ಡನೆಕ್ಕುಂದಿಯ ಒಂದು ಮಷಿನ್ ಶಾಪಿನಲ್ಲಿ ಲೇತ್ ನಡೆಸುತ್ತಿದ್ದ. ನಾನು ಚಿಗವ್ವ ಹನುಮವ್ವನ ಜೊತೆ ಮೇಲಿನ ರೂಮಿನಲ್ಲಿದ್ದು ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಶಾಲೆಯಲ್ಲಿದ್ದಾಗಲೂ ಗೊತ್ತಿದ್ದ ಉತ್ತರಕ್ಕೆ ಕೈ ಎತ್ತಿದವಳಲ್ಲ. ಮಾತಾಡುವುದಕ್ಕಿಂತ ನೋಡುವುದು ನನಗೆ ಸುಲಭ.

ಮುಂದಿನ ಭಾನುವಾರ ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ ಅವನು ನೆಟ್ಟಗೆ ನನ್ನ ಮುಂದೆ ಬಂದು ಒಂದು ಕವರ್ ಚಾಚಿದ. ಒಳಗೆ ಕುಪ್ಪಸಕ್ಕೆಂದು ಹೊಸ ಖಣ. ಕಡುಗೆಂಪು, ಹಸಿರು ಅಂಚು.

ನಲ್ಲಿಯ ಸುತ್ತಲಿನ ಮಾತೆಲ್ಲ ನಿಂತುಹೋಯಿತು. ನಮ್ಮ ಕಡೆ ಕನ್ಯೆಯ ಕೈಗೆ ಗಂಡುಹುಡುಗ ಖಣ ಕೊಡುವುದಿಲ್ಲ. ಮದುವೆ ಗೊತ್ತಾದ ಮೇಲೆ ಹುಡುಗನ ತಾಯಿ ಬಂದು, ಕುಂಕುಮ ಹಚ್ಚಿ, ಖಣ ಕಾಯಿ ಇಟ್ಟು ಉಡಿ ತುಂಬುತ್ತಾಳೆ. ಹರಿದದ್ದಕ್ಕೆ ಬದಲು ಕೊಟ್ಟರೆ ಆಯಿತೆಂದಷ್ಟೇ ಅವನು ತಿಳಿದಿದ್ದ.

"ಏ ತಮ್ಮಾ," ಚಿಗವ್ವ ಸೊಂಟದ ಮೇಲೆ ಕೈಯಿಟ್ಟಳು, "ಖಣ ಕೊಡಾಕ ನಿಮ್ಮವ್ವನ್ನ ಕಳಸು. ನೀ ಯಾಕ ಬಂದಿ?"

ಹೆಂಗಸರೆಲ್ಲ ಗೊಳ್ಳೆಂದರು. ಓನರಮ್ಮ ಚಿಕ್ಕಮುನಿಯಮ್ಮ ಬಾಗಿಲಲ್ಲೇ ನಿಂತು, "ಪಾಪ, ಉಡುಗ ಎಂಗೆ ಬೆವರ್ತಾವ್ನೆ ನೋಡ್ರೆ! ಒಂದು ಲೋಟ ನೀರಾದ್ರೂ ಕೊಡ್ರೆ" ಎಂದಳು.

ಪರಮಾನಂದ ಕವರನ್ನು ನೀರಿನ ಡ್ರಮ್ಮಿನ ಮೇಲಿಟ್ಟು ಓಡಿಯೇಹೋದ. ಎಲ್ಲರೂ ಹೋದ ಮೇಲೆ ನಾನು ಅದನ್ನು ತಂದು ಟ್ರಂಕಿನ ತಳದಲ್ಲಿಟ್ಟೆ. ಚಿಗವ್ವ ಕಂಡೂ ಕಾಣದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು.

ಆಮೇಲೆ ನನಗೆ ದಿನಾ ಸಂಜೆ ಟೆರೇಸಿನಿಂದ ಬಟ್ಟೆ ತರುವುದಕ್ಕೆ ತುಂಬ ಹೊತ್ತು ಹಿಡಿಯತೊಡಗಿತು. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಅವನು ವಿಮಾನವನ್ನು ಬದಲಾಯಿಸುತ್ತಿದ್ದ. ಯಾರೋ ಆಡಿ ಬೇಸರವಾಗಿ ಮಾರಿದ್ದನ್ನು ಕೊಂಡಿದ್ದನಂತೆ. ಈಗ ಎರಡೂ ರೆಕ್ಕೆಗಳ ಹಿಂಬದಿಯಲ್ಲಿ ಒಂದೊಂದು ಪಟ್ಟಿ ಕೊಯ್ದು, ಅದು ಕಿಟಕಿಯ ಬಾಗಿಲಿನ ಹಾಗೆ ಮೇಲೆ ಕೆಳಗೆ ಆಡುವಂತೆ ಮಾಡಬೇಕಾಗಿತ್ತು.

"ಈಗ ಇದು ಎಮ್ಮಿ ತಿರುಗಿದಂಗ ತಿರುಗತೈತಿ," ಅವನು ನನ್ನನ್ನು ನೋಡದೆ, ನನಗೆ ಕೇಳುವಂತೆ ಹೇಳುತ್ತಿದ್ದ. "ಈ ಪಟ್ಟಿ ಆಡಿದ್ರ ಹದ್ದಿನಂಗ ವಾಲತೈತಿ."

ಆದರೆ ಪಟ್ಟಿ ಹಿಡಿದ ಟೇಪು ಬಿಸಿಲಿಗೆ ಬಿಟ್ಟುಬಿಡುತ್ತಿತ್ತು. ಅಂಟಿಸುವುದು, ಬಿಡುವುದು, ಅವನು ತಲೆ ಕೆರೆದುಕೊಳ್ಳುವುದು. ನಾನು ಅಂಗಿಯೊಂದನ್ನು ಮೂರು ಸಲ ಮಡಚಿದೆ.

"ಹೊಲಿದ್ರ?" ಎಂದುಬಿಟ್ಟೆ.

"ಫೋಮ್ ಹರಿಯೂದಿಲ್ಲೇನ್ರಿ?"

"ಸಡಲ ಹೊಲೀಬೇಕು. ಒಂದು ಮ್ಯಾಲಿಂದ, ಒಂದು ಕೆಳಗಿಂದ."

ಅವನು ರೆಕ್ಕೆ ಹಿಡಿದ, ನಾನು ಸೂಜಿ ಹಿಡಿದೆ. ಸೂಜಿ ಅವನ ಹೆಬ್ಬೆರಳಿನ ಪಕ್ಕದಲ್ಲೇ ಏರಿ ಇಳಿಯುತ್ತಿತ್ತು. ಅವನು ಬೆರಳು ಸರಿಸಲಿಲ್ಲ.

"ಚುಚ್ಚಿದ್ರ?" ನಾನು ಕೇಳಿದೆ.

"ಚುಚ್ಚಿದ್ರ ನೀವು ಇನ್ನೊಂದು ಮಾತಾಡ್ತೀರಿ. ಚಲೋ ಆತಲ್ಲ."

ನಾನು ತಲೆ ಬಗ್ಗಿಸಿದೆ. ದಾರ ಗಂಟಾಯಿತು.

ಹೊಲಿದು ಮುಗಿದ ಮೇಲೆ ಅವನು ವಿಮಾನವನ್ನು ಎರಡು ತೋರುಬೆರಳುಗಳ ಮೇಲೆ ನಿಲ್ಲಿಸಿ ತೋರಿಸಿದ. "ಹಿಂಗ ಇಟ್ಟಾಗ ಮೂಗು ಒಂದೀಟು ಕೆಳಗ ಬಾಗಬೇಕು. ಬಾಲ ಬಾಗಿದ್ರ ಮುಗೀತು, ಹಾರೂದಿಲ್ಲ." ಆಮೇಲೆ ದನಿ ತಗ್ಗಿಸಿ, "ಯುಗಾದಿ ಆದಮ್ಯಾಲ ನಮ್ಮ ಶಾಪು ತುಮಕೂರು ಕಡೆ ಹೋಗ್ತೈತ್ರಿ. ನಾನೂ ಹೋಗಬೇಕು. ಅಲ್ಲಿ ಬಯಲು ಭಾಳ ಐತಂತ" ಎಂದು ನನ್ನ ಮುಖ ನೋಡಿದ.

ನನ್ನಲ್ಲಿ ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಬಾಯಿಂದ ಬಂದದ್ದು "ಹೌದ್ರಿ?" ಅಷ್ಟೇ.

ಹೇಳಲಾಗದ್ದನ್ನು ಕೈಯಿಂದಲಾದರೂ ಮಾಡೋಣ ಎನ್ನಿಸಿತು. ನನಗೆ ರಜೆಯಿದ್ದ ದಿನ, ಅವನು ಕೆಲಸಕ್ಕೆ ಹೋದಾಗ ಟ್ರಂಕಿನಿಂದ ಖಣ ತೆಗೆದೆ. ಎಡತೋಳಿಗೆ ಬರುವ ಕಡೆ ಒಂದು ತುಂಡು ಕತ್ತರಿಸಿ, ಅವನು ಟ್ಯಾಂಕಿನ ಕೆಳಗೆ ಇಟ್ಟುಹೋಗಿದ್ದ ವಿಮಾನದ ಬಾಲದ ಬಿರುಕಿನ ಸುತ್ತ ಅಂಟು ಸವರಿ ಹೊದಿಸಿದೆ. ಅಂಚಿನುದ್ದಕ್ಕೂ ಹೊಲಿದೆ. ಬಿಳಿ ವಿಮಾನಕ್ಕೆ ಕೆಂಪು ಬಾಲ. ನನ್ನ ಖಣ ಅವನ ಜೀವದ ವಸ್ತುವಿನ ಮೇಲಿದೆ, ಅವನಿಗೆ ತಿಳಿಯುತ್ತದೆ ಎಂದುಕೊಂಡೆ.

ಸಂಜೆ ಅವನು ಅದನ್ನು ನೋಡಿದ. ಹೊಲಿಗೆಯ ಮೇಲೆ ಬೆರಳಾಡಿಸಿದ. "ಚಂದ ಆಗೈತ್ರಿ" ಎಂದು ಕೆಳಗಿಳಿದು ಹೋದ. ಮರುದಿನ ಟ್ಯಾಂಕಿನ ನೆರಳು ಖಾಲಿಯಿತ್ತು.

ಯುಗಾದಿಯ ಹಿಂದಿನ ಭಾನುವಾರ ಬೆಳಿಗ್ಗೆ ಅವನು ವಿಮಾನ ಹಿಡಿದು ಹೊರಟದ್ದು ಕಂಡಿತು. ಚಿಗವ್ವ ನನ್ನ ಮುಖ ನೋಡಿ, "ನಡಿ, ಆ ಬಯಲಾಗ ಸೊಪ್ಪರ ಸಿಕ್ಕೀತು" ಎಂದಳು. ಸೈಟು ಮಾಡಲೆಂದು ಕಲ್ಲು ನೆಟ್ಟು ಬಿಟ್ಟಿದ್ದ ಆ ಬಯಲಲ್ಲಿ ಸೊಪ್ಪಿನ ಎಲೆಯೊಂದೂ ಇರಲಿಲ್ಲ. ಚಿಗವ್ವ ಒಂದು ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ತೆಗೆದಳು.

ವಿಮಾನ ಅವನ ಕೈ ಬಿಟ್ಟು ಏರಿತು. ಮೂಗು ಮೇಲಕ್ಕೆ, ಇನ್ನೂ ಮೇಲಕ್ಕೆ. ಆಮೇಲೆ ಗಾಳಿಯಲ್ಲಿ ನಿಂತು, ಬಾಲದ ಮೇಲೆ ಕುಸಿದು ಹುಲ್ಲಿಗೆ ಬಿತ್ತು. ಎರಡನೆಯ ಸಲವೂ ಹಾಗೇ. ಅವನು ಮೂರನೆಯ ಸಲಕ್ಕೆ ಎತ್ತಿಕೊಂಡ. ನಾನು ಓಡಿದೆ. ಬಯಲಿನ ನಡುವೆ ನನ್ನ ಜೀವಮಾನದಲ್ಲೇ ಮೊದಲ ಬಾರಿ ಕೂಗಿದೆ.

"ನಿಲ್ರಿ! ಬಿಡಬ್ಯಾಡ್ರಿ!"

ಅವನ ಕೈಯಿಂದ ವಿಮಾನ ತೆಗೆದುಕೊಂಡು ನನ್ನ ಎರಡು ಬೆರಳ ಮೇಲಿಟ್ಟೆ. ಬಾಲ ತಟ್ಟನೆ ಕೆಳಗೆ ಬಾಗಿತು.

"ಬಾಲ ಭಾರ ಆಗೈತ್ರಿ. ನನ್ನ ಬಟ್ಟಿಯಿಂದ."

"ಗೊತ್ತೈತಿ."

"ಗೊತ್ತಿದ್ದೂ ಹಾರಿಸ್ತೀರಿ?"

"ತಗದ್ರ ಹಾರತೈತಿ." ಅವನು ಹುಲ್ಲನ್ನು ನೋಡಿದ. "ಆದ್ರ ಹೆಂಗ ಕಿತ್ತು ಒಗೀಲಿ? ನನ್ನ ಖಣ ಬ್ಯಾಡಂತ ವಾಪಸ್ ಕೊಟ್ಟರೂ, ಹೊಲಿದದ್ದು ನೀವ ಅಲ್ಲೇನ್ರಿ?"

ವಾಪಸ್! ಅವನು ಮೇಲೆ ಬಾರದ ಸಂಜೆಗಳೆಲ್ಲ ಆಗ ನನಗೆ ಅರ್ಥವಾದವು.

"ನಾ ವಾಪಸ್ ಕೊಟ್ಟಿಲ್ರಿ," ಎಂದೆ. ಅಲ್ಲಿಗೇ ನಿಲ್ಲಿಸಲಿಲ್ಲ. "ಇದೊಂದು ತುಂಡು ಅಷ್ಟ. ಉಳಿದದ್ದು ನನ್ನ ಟ್ರಂಕಿನ್ಯಾಗ ಐತಿ. ನಲ್ಲಿ ಹತ್ರ ಇಟ್ಟು ಹೋದ್ರಲ್ಲ, ಅವತ್ತೇ ಇಸ್ಕೊಂಡೀನಿ."

ಅವನು ತಲೆಯೆತ್ತಿದ. ಆ ನೋಟವನ್ನು ನಾನು ಕದ್ದು ನೋಡಲಿಲ್ಲ, ನೇರವಾಗಿ ನೋಡಿದೆ.

ಪರ್ಸಿನಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಹೊಲಿಗೆ ಬಿಚ್ಚಿದೆ. ಅವನು ಖಣದ ತುಂಡನ್ನು ಹುಷಾರಾಗಿ ಸುಲಿದು ಅಂಗೈಯಲ್ಲಿ ಹಿಡಿದು ನಿಂತ.

"ಈಗ ಇದನ್ನ ಎಲ್ಲಿ ಇಡ್ಲಿ?"

ನಾನು ವೇಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಒಡ್ಡಿದೆ. ಅವನು ಅಂಗೈ ವಾಲಿಸಿದ. ಕೆಂಪು ತುಂಡು ನನ್ನ ಉಡಿಗೆ ಬಿತ್ತು. ಹೂವಿನಷ್ಟೂ ಭಾರವಿರಲಿಲ್ಲ.

ಕಲ್ಲಿನ ಮೇಲಿಂದ ಚಿಗವ್ವನ ದನಿ ಬಂತು: "ಏ ತಮ್ಮಾ! ಎಷ್ಟು ಸಲ ಹೇಳಬೇಕೋ ನಿನಗ? ನಿಮ್ಮವ್ವನ್ನ ಕಳಸು ಅಂದೆ!"

"ಇವತ್ತೇ ಫೋನ್ ಹಚ್ತೀನ್ರಿ ಯವ್ವಾ!" ಅವನು ಕೂಗಿದ. ವಿಮಾನವನ್ನು ನನ್ನ ಕೈಗಿಟ್ಟು, ತಾನು ರಿಮೋಟ್ ಹಿಡಿದು, "ನೀವ ಬಿಡ್ರಿ" ಎಂದ.

ಬಿಟ್ಟೆ. ಅದು ಮೇಲೇರಿ, ಬಯಲಿನಾಚೆಯ ಗಾಜಿನ ಕಟ್ಟಡಗಳ ಕಡೆಯಿಂದ ಹದ್ದಿನ ಹಾಗೆ ವಾಲಿ, ತಿರುಗಿ ನಮ್ಮ ಕಡೆಗೇ ಬಂತು.

ಯುಗಾದಿಗೆ ಅವನ ತಾಯಿ ಶಿವಲಿಂಗಮ್ಮ ಕುಷ್ಟಗಿಯಿಂದ ಬಂದು ಉಡಿ ತುಂಬಿದರು. ನಾನು ಆ ಕೆಂಪು ಖಣದಲ್ಲೇ ಕುಪ್ಪಸ ಹೊಲಿದು ತೊಟ್ಟಿದ್ದೆ. ಕುಂಕುಮ ಹಚ್ಚುತ್ತಾ ಅವರು ನನ್ನ ಎಡತೋಳನ್ನು ಮುಟ್ಟಿ ನೋಡಿದರು.

"ಇಲ್ಯಾಕವ್ವಾ ಈ ಜೋಡು? ಬಟ್ಟಿ ಸಾಲಲಿಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಪರಮಾನಂದ ಕೆಮ್ಮಿದ. ಅವನು ಏನಾದರೂ ಹೇಳುವ ಮೊದಲೇ ನಾನು ಹೇಳಿದೆ:

"ಸಾಲಿತ್ರಿ ಅತ್ತಿ. ಆ ತುಂಡೊಂದು ಸ್ವಲ್ಪ ಹಾರಿ ಬಂದೈತಿ."