ಬಕೆಟ್ಟಿನಲ್ಲಿ ನಿಂತವರು

ಅಥಣಿಯ ಹೊರಗಿನ ನಮ್ಮ ಒಣದ್ರಾಕ್ಷಿ ಶೆಡ್ಡಿಗೆ ನೆರಳಿನ ಹಸಿರು ಬಲೆ ಕಟ್ಟಬೇಕಿತ್ತು. ಆಳು ಮುರಗೆಪ್ಪನನ್ನು ಟ್ರ್ಯಾಕ್ಟರಿನ ಮುಂದೆ ಮಣ್ಣೆತ್ತುವ ಲೋಡರಿನ ಬಕೆಟ್ಟಿನಲ್ಲಿ ನಿಲ್ಲಿಸಿ ನಾನೇ ಮೇಲಕ್ಕೆತ್ತಿದೆ. ಹೊತ್ತು ಇಳಿದಿತ್ತು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ.

“ಕಟ್ಕೊಂತ ಇರು, ಉಂಡ ಬರ್ತೀನಿ,” ಎಂದು ಎಂಜಿನ್ ಬಂದ್ ಮಾಡಿದೆ.

“ಅಣ್ಣಾರ, ನನ್ನ ಇಳಿಸಿ ಹೋಗ್ರಿ!”

“ಯಾಕಲೇ, ಹಾರಿ ಹೋಗ್ತೀಯೇನು?” ನಗುತ್ತಲೇ ಹೊರಟೆ.

ಉಂಡು, ಸ್ತೋತ್ರ ಹೇಳಿಕೊಂಡು ಮರಳಿದಾಗ ಮಬ್ಬುಗತ್ತಲು. ಗಾಳಿ ಇರಲಿಲ್ಲ. ಆದರೂ ಬಕೆಟ್ಟು ಕಿರ್ರೆನ್ನುತ್ತಿತ್ತು, ಯಾರೋ ಕಾಲು ಬದಲಿಸಿ ನಿಂತಂತೆ.

“ಉಂಡ್ರ್ಯಾ?” ಮೇಲಿನಿಂದ ಮೆಲ್ಲಗೆ ಕೇಳಿತು.

ನಾಚಿಕೆಗೆ ತಲೆ ಎತ್ತಲಾಗಲಿಲ್ಲ. “ತಪ್ಪಾತಪಾ ಮುರಗೆಪ್ಪಾ, ಸಿಟ್ಟಾಗಬ್ಯಾಡ.”

“ಇರ್ಲಿ ಬಿಡ್ರಿ.”

ಎಂಜಿನ್ ಚಾಲೂ ಮಾಡಿ ಬಕೆಟ್ಟು ಇಳಿಸಿದೆ. ಭಾರಕ್ಕೆ ಮುಂದಿನ ಗಾಲಿಗಳು ನೆಲಕ್ಕೆ ಅಮುಕಿಕೊಂಡಿದ್ದವು. ಬಕೆಟ್ಟಿನೊಳಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮುರಗೆಪ್ಪ ಗೇಟು ತೆಗೆದು ಒಳಗೆ ಬಂದ. ಮುಖ ಬಿಗಿದುಕೊಂಡಿದ್ದ.

“ನೀವು ಹೋದಕೂಡ್ಲೇ ಕಂಬಾ ಹಿಡದು ಇಳದ್ನಿರಿ. ಮನೀಗೆ ಹೋಗಿದ್ದೆ. ನಾ ಏನ್ ದನಾ ಏನ್ರಿ, ಕಟ್ಟಿ ಹೋಗಾಕ?”

ಅವನೆದುರು ‘ತಪ್ಪಾತು’ ಎಂಬ ಮಾತು ಮತ್ತೆ ನನ್ನ ಬಾಯಿಗೆ ಬರಲಿಲ್ಲ. ಮುರಗೆಪ್ಪ ಇಂದಿಗೂ ನನ್ನನ್ನು ಕ್ಷಮಿಸಿಲ್ಲ. ಅಂದು ಕ್ಷಮಿಸಿದವರು ಯಾರೋ ನನಗೆ ತಿಳಿಯದು.