ಯಾರೂ ಕುಡಿಯದ ಹಾಲು

"ಕಳ್ಳ ನನ್ಮಗನೆ! ಉಂಡ ಮನೆಗೇ ಕನ್ನ ಕೊರೀತೀಯೇನೋ?"

ಯಜಮಾನ ಇದನ್ನು ಅಂದದ್ದು ಹಾಲಿನ ಡಿಪೋದ ಅಂಗಳದ ನಟ್ಟನಡುವೆ. ಲೋಡು ಹೊರುವವರು, ಕ್ಯಾನು ತೊಳೆಯುವ ಹೆಂಗಸರು, ಕಾವಲುಗಾರ — ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ಕೇಳಿಸಿಕೊಂಡರು. ನಾನು ಲಾರಿ ಡ್ರೈವರ್. ಮೂಗು ಮುಚ್ಚಿಕೊಳ್ಳಬೇಕೆಂಬುದೂ ನನಗೆ ಮರೆತುಹೋಗಿತ್ತು.

ಲಾರಿ ಶೆಡ್ಡಿನ ಮಗ್ಗುಲಲ್ಲಿ ಒಂದು ಹಳೆಯ ಶೀತಲ ಕೋಣೆ. ಕಿಟಕಿ ಇಲ್ಲ. ಗಾಳಿ ಆಡದ ದಪ್ಪ ಬಾಗಿಲು. ಯಂತ್ರ ಕೆಟ್ಟ ಮೇಲೆ ಯಾರೂ ಅತ್ತ ತಲೆ ಹಾಕಿರಲಿಲ್ಲ. ಆವತ್ತು ಬೆಳಿಗ್ಗೆ ಬಾಗಿಲಿನ ರಬ್ಬರು ಹರಿದು, ಅಡಿಯಿಂದ ಏನೋ ಲೋಳೆ ಒಸರುವುದು ಕಾವಲುಗಾರನ ಕಣ್ಣಿಗೆ ಬಿತ್ತು. ಬಾಗಿಲು ತೆರೆದವನು ಅಲ್ಲೇ ವಾಂತಿ ಮಾಡಿಕೊಂಡ.

ಒಳಗೆ ಗುಲಾಬಿ ಹಾಲಿನ ಸೀಸೆಗಳ ಗುಡ್ಡೆ. ಸತ್ತ ಮೀನಿನ ಹೊಟ್ಟೆಯ ಹಾಗೆ ಉಬ್ಬಿದ ಪ್ಲಾಸ್ಟಿಕ್ ಸೀಸೆಗಳು. ಕೆಲವು ಸಿಡಿದು ಗೋಡೆಗೆಲ್ಲ ಹಾಲು ಮೆತ್ತಿ, ಅದರಲ್ಲಿ ಹುಳ ಮಿಜಿಮಿಜಿ. ಅದರ ಮೇಲೂ ಗುಲಾಬಿಯ ಪರಿಮಳ ಬೇರೆ! ಹೆಣಕ್ಕೆ ಅತ್ತರು ಬಳಿದ ಹಾಗೆ.

"ಅಂಗಡಿಗಳಿಗೆ ಇಳಿಸ್ದೆ ಇಲ್ಲಿ ಬಚ್ಚಿಟ್ಟಿದಾನೆ ಸರ್," ಎಂದ ಬೇಡಿಕೆ ಅಧಿಕಾರಿ. ಊರಿಗೆ ಯಾವ ಹಾಲು ಎಷ್ಟು ಬೇಕೆಂದು ಹೇಳುವುದು ಇವನ ಉದ್ಯೋಗ. ನಮ್ಮ ಬಾಯಲ್ಲಿ ಇವನು ಸೆಂಟಪ್ಪ — ಆಸಾಮಿಗಿಂತ ಮೊದಲು ಸೆಂಟು ಬರುತ್ತದೆ. "ಹಿಂದಿನ ಬಾಗಿಲಲ್ಲಿ ಮಾರೋ ಪ್ಲಾನು. ಕೊಳ್ಳೋರು ಸಿಕ್ಕಿಲ್ಲ, ಕೊಳೀತು."

"ನಾನಲ್ಲ ಸಾರ್—"

"ಮುಚ್ಚೋ!" ಯಜಮಾನ ಗದರಿದ. "ಸಂಜೆಯೊಳಗೆ ಒಪ್ಕೊ. ಇಲ್ಲಾಂದ್ರೆ ಜೈಲೇ ಗತಿ."

ಜೈಲು! ಮನೆಯಲ್ಲಿ ಅಕ್ಕ, ಅಕ್ಕನ ಎಳೆ ಕೂಸು. ದುಡಿಯುವ ಕೈ ನನ್ನದೊಂದೇ. ಆ ಕೂಸಿಗೆ ಮೂರು ವಾರದಿಂದ ಸರಿಯಾಗಿ ಹಾಲೇ ಸಿಕ್ಕಿರಲಿಲ್ಲ. ಗುಲಾಬಿ ಹಾಲಿಗೆ ಬೇಡಿಕೆ ಏರಿದೆಯೆಂದು ಡಿಪೋದವರು ಬಿಳಿ ಹಾಲನ್ನು ಅರ್ಧಕ್ಕೆ ಇಳಿಸಿದ್ದರು. "ಹಾಲಿನ ಲಾರಿಯವನ ಮನೇಲೇ ಹಾಲಿಲ್ವಂತೆ" ಎಂದು ಬೀದಿಯವರು ನಗುತ್ತಿದ್ದರು. ಇನ್ನು ಆ ಹಾಲು ಕದ್ದವನೇ ನಾನು ಅನ್ನುತ್ತಾರೆ.

ಪೊಲೀಸರು ಬಂದರೆ ಡಿಪೋದ ಮಾನ ಬೀದಿಗೆ ಬೀಳುತ್ತದೆಂದು ಯಜಮಾನ ತನ್ನ ಚಿಕ್ಕಮ್ಮನನ್ನು ಕರೆಸಿದ. ನಿವೃತ್ತ ಇನ್ಸ್‌ಪೆಕ್ಟರ್. ಊರಿಗೆಲ್ಲ ಪೊಲೀಸಮ್ಮ. ಬಂದವಳು ಮೂಗಿಗೆ ಸೆರಗು ಕೂಡ ಹಿಡಿಯದೆ ಆ ಗಲೀಜಿನೊಳಕ್ಕೆ ಇಳಿದಳು. ಒಂದು ಸೀಸೆ ಎತ್ತಿ, ಒರೆಸಿ, ಸುತ್ತ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡಳು. ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡೆ.

"ಈ ಬಾಗಿಲಿಗೆ ಬೀಗ ಇತ್ತಾ?" ಕಾವಲುಗಾರನನ್ನು ಕೇಳಿದಳು.

"ಇಲ್ಲಮ್ಮ. ಬರೀ ಚಿಲಕ."

"ಈ ಕಡೆ ಯಾರ್ಯಾರು ಬರ್ತಾರೆ?"

"ಲಾರಿಯವನು. ಆಮೇಲೆ ಸೆಂಟ— ಅಧಿಕಾರಿಗಳು, ಅವರ ವ್ಯಾನಿನವರು. ನಾನು."

ಅವಳು ನನ್ನ ಕಡೆ ತಿರುಗಿದಳು. "ನೀನು ಸೀಸೆಗಳನ್ನ ಹೇಗೆ ಒಯ್ತೀಯ?"

"ಮುಚ್ಚಿದ ರಟ್ಟಿನ ಪೆಟ್ಟಿಗೇಲಿ. ಮೇಲೆ ಟಾರ್ಪಾಲು."

"ಅಂಗಡೀಲಿ ಯಾರು ಬಿಚ್ತಾರೆ?"

"ಅಂಗಡಿಯವರೇ."

"ಸರಿ, ಲಾರಿ ತೆಗಿ. ಹಾಲು ಮಾರೋ ಅಂಗಡಿಗೆ ಹೋಗೋಣ."

ನಾವು ಹೋದದ್ದು ನಮ್ಮ ಬೀದಿ ಕೊನೆಯ ಅಂಗಡಿಗೆ. ಅಂಗಡಿಯಾಕೆ ನನ್ನನ್ನು ಕಂಡವಳೇ, "ಬಂದ ನೋಡು ಕ್ಷೀರಸಾಗರದ ಒಡೆಯ! ಬಿಳಿ ಹಾಲು ಎಲ್ಲೋ?" ಎಂದಳು. ಗಾಜಿನ ಕಿಟಕಿಯಲ್ಲಿ, ಬೀದಿಯ ಬಿಸಿಲಿಗೆ ಮುಖ ಮಾಡಿ, ಡಿಪೋ ಕೊಟ್ಟ ಬಣ್ಣದ ರ್ಯಾಕು. ಅದರ ತುಂಬ ಗುಲಾಬಿ ಹಾಲು.

"ಇದು ಚೆನ್ನಾಗಿ ಹೋಗುತ್ತಾ?" ಪೊಲೀಸಮ್ಮ ಕೇಳಿದಳು.

"ಹೋಗುತ್ತೆ. ಜನರ ಹೊಟ್ಟೆಗಲ್ಲ, ಆ ವ್ಯಾನಿಗೆ!"

"ಅಂದ್ರೆ?"

"ಒಂದ್ಸಲ ಕುಡಿದೋರು ಎರಡನೇ ಸಲ ಮುಟ್ಟಲ್ಲ, ಸೋಪು ನೀರಿದ್ದಂಗಿದೆ. ಆದ್ರೆ ಸೆಂಟು ಹಾಕ್ಕೊಂಡ ಸಾಹೇಬ್ರು ಬರ್ತಾರೆ, ಹಳೇದು ಎತ್ಕೊಂಡ್ ಹೋಗ್ತಾರೆ. ಮಾರನೇ ದಿನ ಹೊಸದು ಬರುತ್ತೆ. ತಿಂಗಳ ಕೊನೆಗೆ ಮಾರಿದ್ದಕ್ಕಷ್ಟೇ ದುಡ್ಡು ಕಟ್ಟೋದು, ನಂಗೇನು ನಷ್ಟ?"

"ಬಿಳಿ ಹಾಲು ರ್ಯಾಕಲ್ಲಿ ಇಡಲ್ವಾ?"

"ಎಲ್ಲಿ ಇಡ್ಲಿ? ಕ್ರೇಟು ನೆಲದ ಮೇಲೆ ಬಿತ್ತೋ ಇಲ್ವೋ, ಖಾಲಿ. ಆಮೇಲೆ ಬಂದೋರಿಗೆಲ್ಲ ನಾನು ಇಲ್ಲ ಇಲ್ಲ ಅಂತ ಕತ್ತು ಆಡಿಸ್ಬೇಕು. ಇವನಕ್ಕ ಇವತ್ತೂ ಕೂಸು ಎತ್ಕೊಂಡು ಬಂದು ಬರಿಗೈಲಿ ಹೋದ್ಲು."

ಪೊಲೀಸಮ್ಮ ಬಂದು ಲಾರಿ ಹತ್ತಿದಳು.

ಸಂಜೆ ಯಜಮಾನನ ಕೋಣೆಯಲ್ಲಿ ನಾನೂ ಸೆಂಟಪ್ಪನೂ ನಿಂತಿದ್ದೆವು. ಪೊಲೀಸಮ್ಮ ಬಾಯಿ ತೆರೆಯುತ್ತಿದ್ದಂತೆ ಯಜಮಾನ ನನಗೆ ಹೇಳಿದ: "ಬಾಗಿಲು ಹಾಕೋ." ನನ್ನನ್ನು ಕಳ್ಳ ಎಂದದ್ದು ಅಂಗಳದಲ್ಲಿ. ಸತ್ಯಕ್ಕೆ ಮಾತ್ರ ಬಾಗಿಲು ಬೇಕು!

ಅವಳು ಆ ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದಳು. ಕೋಣೆ ನಾರಿತು.

"ಇದರ ಲೇಬಲ್ ನೋಡು ಮಗ. ಏನು ಕಾಣ್ತದೆ?"

"ಒಂದು ಕಡೆ ಗುಲಾಬಿ ಬಣ್ಣ. ಇನ್ನೊಂದು ಕಡೆ ಬಿಳಿಚ್ಕೊಂಡಿದೆ."

"ಬಿಸಿಲಿಗೆ. ಇವನ ಲಾರೀಲಿ ಪೆಟ್ಟಿಗೆ, ಟಾರ್ಪಾಲು. ಆ ಕೋಣೇಲಿ ಕಿಟಕಿಯೇ ಇಲ್ಲ. ಮತ್ತೆ ಬಿಸಿಲು ಎಲ್ಲಿ ಬಿತ್ತು? ಅಂಗಡಿಯ ಗಾಜಿನ ಹಿಂದೆ! ಈ ಹುಡುಗ ಹಾಲನ್ನ ಅಂಗಡಿಗೆ ಮುಟ್ಟಿಸಿದ. ಅದು ಮಾರಾಟವಾಗದೆ ಅಲ್ಲೇ ನಿಂತಿತ್ತು. ಆಮೇಲೆ ಯಾರೋ ಎತ್ಕೊಂಡು ಬಂದು ಇವನ ಶೆಡ್ಡಿನ ಪಕ್ಕ ಸುರಿದ್ರು. ಎತ್ತಿದ್ದು ಯಾರು ಅಂತ ಅಂಗಡಿಯಾಕೆ ಹೇಳಿದ್ಲು." ಅವಳು ಸೆಂಟಪ್ಪನ ಕಡೆ ಬೆರಳು ಚಾಚಿದಳು. "ಇವನು."

ಸೆಂಟಪ್ಪ ಬೆವರಿದ. ಸೆಂಟೂ ಬೆವರೂ ಕಲೆತು ಹೊಸದೊಂದು ನಾತ ಎದ್ದಿತು. "ಸರ್, ಒಂದೆರಡು ವಾರ ರ್ಯಾಕು ಖಾಲಿ ಕಂಡ್ರೆ ಜನಕ್ಕೇ ಆಸೆ ಹುಟ್ಟುತ್ತೆ ಅನ್ಕೊಂಡೆ. ಊರೇ ಕೇಳ್ತಿದೆ ಅಂತ ನಿಮಗೆ ಹೇಳ್ಬಿಟ್ಟಿದ್ದೆ..."

"ನೀನೂ ಸರಿಯಾದ ಗಿರಾಕಿಯೇ ಮಗ," ಅವಳು ಯಜಮಾನನಿಗೆ ತಿರುಗಿದಳು. "ರ್ಯಾಕು ಖಾಲಿಯಾದ್ರೆ ಬೇಡಿಕೆ ಅಂತ ರೂಲ್ಸು ಮಾಡಿದ್ದು ನೀನು. ನೆಲದ ಮೇಲಿಂದ ಖಾಲಿಯಾದದ್ದನ್ನ ನೋಡೋರಿಲ್ಲ. ಬರಿಗೈಲಿ ವಾಪಸ್ ಹೋದೋರನ್ನ ಎಣಿಸೋರಿಲ್ಲ. ಇಡೀ ಊರಲ್ಲಿ ಒಬ್ಬರನ್ನಾದ್ರೂ ಏನು ಬೇಕು ಅಂತ ಕೇಳಿದ್ರಾ?"

ಯಜಮಾನ ಸೀಸೆಯನ್ನು ಬೆರಳ ತುದಿಯಿಂದ ದೂರ ತಳ್ಳಿದ. ಆಮೇಲೆ ಸೆಂಟಪ್ಪನಿಗೆ ಕುರ್ಚಿ ತೋರಿಸಿದ. ಹೌದು, ಕುರ್ಚಿ! "ಕೂತ್ಕೊಳ್ರಿ. ನೀರು ಕುಡೀರಿ. ಆಮೇಲೆ ಮಾತಾಡೋಣ." ಉಗಿಯಬೇಕೆನಿಸಿ ಬಾಯಿಗೆ ಬಂದ ಎಂಜಲನ್ನು ನುಂಗಿದೆ.

"ನೀನೂ ಮನಸ್ಸಿಗೆ ಹಚ್ಕೋಬೇಡಪ್ಪ," ಎಂದ ನನಗೆ, ದನಿ ತಗ್ಗಿಸಿ. "ಬಾಯ್ತಪ್ಪಿ ಒಂದು ಮಾತು ಬಂತು. ನಾಳೆ ಯಥಾಪ್ರಕಾರ ಲಾರಿ ತೆಗಿ. ಹೊರಗೆ ಏನೂ ಹೇಳಕ್ಕೆ ಹೋಗ್ಬೇಡ."

ನಾನು ಬಾಗಿಲು ತೆರೆದೆ. ಗೋಡೆಯ ತನಕ ತಳ್ಳಿ, ಹಾಗೇ ಬಿಟ್ಟೆ. ಬೆಳಿಗ್ಗೆ ಬೈಗುಳ ಕೇಳಿದವರೆಲ್ಲ ಅಂಗಳದಲ್ಲಿ ಮತ್ತೆ ಸೇರಿದ್ದರು. ಮೇಜಿನ ಮೇಲಿದ್ದ ಸೀಸೆ, ಕುರ್ಚಿಯಲ್ಲಿ ಕೂತ ಸೆಂಟಪ್ಪ — ಎರಡೂ ಎಲ್ಲರಿಗೂ ಕಾಣುತ್ತಿದ್ದವು.

"ಲೋ, ಎಲ್ಲಿಗೋ?" ಯಜಮಾನ ಎದ್ದು ಹೊಸ್ತಿಲಿಗೆ ಬಂದ. "ನಿಂತ್ಕೊಳೋ! ಏನು ಬೇಕೋ ನಿಂಗೆ? ಬಾಯ್ಬಿಟ್ಟು ಹೇಳು. ಏನು ಬೇಕು?"

ಅಂಗಳ ದಾಟಿದೆ. ಗೇಟಿನ ಹತ್ತಿರ ಕಾವಲುಗಾರ ಸರಿದು ದಾರಿ ಬಿಟ್ಟ. ಹಿಂದಿನಿಂದ ಯಜಮಾನ ಅದನ್ನೇ ಇನ್ನೊಮ್ಮೆ ಕೇಳಿದ. ನಾನು ನಡೆಯುತ್ತಲೇ ಹೋದೆ.